ಒದೆಯದಿದ್ದರೆ ಸಾಕು

ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಗೆ ಹೋಗಿದ್ದೆ ಅಂದರೆ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಜೋಗ ಹೇಗಿತ್ತು?" ಜೋಗ ನೋಡಲಿಲ್ಲ. ಕೊಡಚಾದ್ರಿ ಹತ್ತಲಿಲ್ಲ. ನಗರದ ಕೋಟೆ ಬಸ್ಸಿನ ಕಿಟಕಿಯಿಂದ ಕಂಡಿತು, ಅಷ್ಟೇ. ಮೂರು ವಾರದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಹೊಸನಗರ ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿರುವ ದೊಡ್ಡಮ್ಮನ ಮನೆಯ ಕೊಟ್ಟಿಗೆಯಲ್ಲಿ.

ಆ ಕಡೆ ಅಂಥ ಮನೆಗಳು ಬೇಕಾದಷ್ಟಿವೆ. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಹಿಂದೆ ದನ ಮೇಯುವ ಬ್ಯಾಣ, ಬ್ಯಾಣದ ಆಚೆ ಕಾಡು, ಕೆಳಗೆ ಹಳ್ಳ. ಆಷಾಢದ ಮಳೆ ಅಲ್ಲಿ ಬರುವುದಿಲ್ಲ, ಇರುತ್ತದೆ. ಬೆಳಿಗ್ಗೆ ಎದ್ದಾಗಲೂ ಇದೆ, ಮಲಗುವಾಗಲೂ ಇದೆ. ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ಒಣಗಬೇಕು. ಮನೆಯೊಳಗೆ ಫೋನಿಗೆ ಒಂದು ಕಡ್ಡಿ ಸಿಗ್ನಲ್, ಕೊಟ್ಟಿಗೆಯ ಮಾಡಿನ ಕೆಳಗೆ ಮೂರು ಕಡ್ಡಿ. ಹಾಗಾಗಿ ನನ್ನ ವರ್ಕ್ ಫ್ರಂ ಹೋಮ್ ಎರಡನೇ ದಿನಕ್ಕೇ ವರ್ಕ್ ಫ್ರಂ ಕೊಟ್ಟಿಗೆ ಆಯಿತು. ಹುಲ್ಲಿನ ಅಟ್ಟದ ಕೆಳಗೆ ಒಂದು ಸ್ಟೂಲು, ಮಡಿಲಲ್ಲಿ ಲ್ಯಾಪ್‌ಟಾಪ್. ಕಾಲಿಗೆ ಉಂಬಳ ಹತ್ತದ ಹಾಗೆ ಸುಣ್ಣ-ತಂಬಾಕು ಸವರಿಕೊಂಡು ಕೂತರೆ ಬೆಂಗಳೂರಿನ ಯಾವ ಕೆಫೆಗೂ ಕಡಿಮೆ ಇರಲಿಲ್ಲ. ಮ್ಯೂಟ್ ಬಟನ್ ಮೇಲೆ ಮಾತ್ರ ಬೆರಳು ಸದಾ ಇರಬೇಕು.

ಕೊಟ್ಟಿಗೆಯಲ್ಲಿ ಐದು ಹಸು. ನಾಲ್ಕು ಮಲೆನಾಡು ಗಿಡ್ಡ, ಒಂದು ಜರ್ಸಿ ಮಿಶ್ರತಳಿ. ಗಿಡ್ಡ ಅಂದರೆ ನಿಜಕ್ಕೂ ಗಿಡ್ಡ. ನನ್ನ ಸೊಂಟದಿಂದ ಸ್ವಲ್ಪ ಮೇಲೆ ಬರುತ್ತದೆ. ದೊಡ್ಡ ಹಸುವೂ 100-120 ಕೆಜಿ ಮೀರುವುದು ಅಪರೂಪ. ದಿನಕ್ಕೆ ಒಂದರಿಂದ ಮೂರು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಆದರೆ ಈ ಮಳೆಗೆ, ಈ ಇಳಿಜಾರಿಗೆ, ಈ ಹುಲ್ಲಿಗೆ ಹುಟ್ಟಿದ ಜೀವ. ಹಿಂಡಿ-ಬೂಸಾ ಇಲ್ಲದಿದ್ದರೂ ಬ್ಯಾಣ ಮೇಯ್ದು, ಸಂಜೆ ಅಡುಗೆಮನೆಯ ಅಕ್ಕಚ್ಚು ಕುಡಿದು ಬದುಕಿಕೊಳ್ಳುತ್ತದೆ. ಜರ್ಸಿ ಲಕ್ಷ್ಮಿಯದು ಬೇರೆ ಲೆಕ್ಕ. ಕರು ಹಾಕಿದ ಹೊಸದರಲ್ಲಿ ಹತ್ತು ಲೀಟರ್ ಕೊಡುತ್ತಾಳೆ, ಡೈರಿಯ ದುಡ್ಡೆಲ್ಲ ಅವಳದೇ. ಅವಳ ಊಟ, ಔಷಧಿ, ಮುನಿಸು ಕೂಡ ಅದೇ ಅಳತೆಯವು.

ದನಕ್ಕೆ ಗಬ್ಬದ ಕಾಲ ಸುಮಾರು 280 ದಿನ. ದೊಡ್ಡಮ್ಮನ ಬಾಯಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ. ಮಳೆಗಾಲದ ಹುಲ್ಲು ಮೇಯ್ದು ಮೈ ತುಂಬಿಕೊಂಡ ಹಸುಗಳು ದೀಪಾವಳಿಯ ಆಸುಪಾಸು ಬೆದೆಗೆ ಬಂದರೆ ಆಷಾಢ-ಶ್ರಾವಣದಲ್ಲಿ ಈಯುತ್ತವೆ. ಈ ಸಲ ಮೂರು ಹಸು ಒಂದೇ ಹದಿನೈದು ದಿನದೊಳಗೆ. ದೊಡ್ಡಪ್ಪನಿಗೆ ಸೊಂಟನೋವು, ಅದಕ್ಕೇ ನನಗೆ ಕರೆ ಬಂದದ್ದು. "ಬಂದು ಬರೀ ಟಾರ್ಚ್ ಹಿಡ್ಕಂಡ್ರೆ ಸಾಕು" ಅಂದಿದ್ದರು.

ಟಾರ್ಚ್ ಹಿಡಿಯುವುದೇ ದೊಡ್ಡ ಕೆಲಸ ಅಂತ ಆಮೇಲೆ ಗೊತ್ತಾಯಿತು. ಈಯುವ ದಿನ ಹತ್ತಿರ ಬಂದಾಗ ಕೆಚ್ಚಲು ಬಿಗಿಯುತ್ತದೆ, ಬಾಲದ ಬುಡದ ಎರಡೂ ಪಕ್ಕ ಕುಸಿದು ಗುಂಡಿ ಬೀಳುತ್ತದೆ. ಆ ಗುಂಡಿಯನ್ನು ದೊಡ್ಡಮ್ಮ ರಾತ್ರಿ ಮಲಗುವ ಮುಂಚೆ ಕೈಯಾಡಿಸಿ ನೋಡುತ್ತಿದ್ದರು, ನಾವು ಫೋನ್ ಚಾರ್ಜಿಗೆ ಹಾಕಿದ ಹಾಗೆ ತಪ್ಪದೆ. ಕೆಳಗೆ ಒಣ ದರಗು ದಪ್ಪಗೆ ಹಾಸಿರಬೇಕು. ನೀರಿನ ಚೀಲ ಒಡೆದ ಮೇಲೆ ಮೊದಲು ಎರಡು ಮುಂಗಾಲಿನ ಗೊರಸು, ಅದರ ಮೇಲೆ ಮೂತಿ ಕಾಣಬೇಕು. ಹಾಗೆ ಕಂಡರೆ ಸುಮ್ಮನೆ ದೂರ ನಿಲ್ಲುವುದು. ಒಂದೇ ಕಾಲು ಕಂಡರೆ, ಅಥವಾ ಬಾಲ ಕಂಡರೆ ಡಾಕ್ಟರಿಗೆ ಫೋನು. ಕರು ಬಿದ್ದ ಕೂಡಲೇ ಮೂಗಿನ ಲೋಳೆ ಒರೆಸುವುದು, ಹೊಕ್ಕುಳಿಗೆ ಟಿಂಚರ್ ಅಯೋಡಿನ್. ಉಳಿದದ್ದು ತಾಯಿಯ ನಾಲಿಗೆಯ ಕೆಲಸ. ಮಾಸು ಹನ್ನೆರಡು ಗಂಟೆಯೊಳಗೆ ಬೀಳಬೇಕು, ಬೀಳುವ ತನಕ ಕಾಯಲು ಒಬ್ಬರು ಬೇಕು, ಇಲ್ಲವಾದರೆ ಹಸು ಅದನ್ನು ತಿಂದುಬಿಡುತ್ತದೆ.

ಮೊದಲು ಈದದ್ದು ಲಕ್ಷ್ಮಿ, ನಾನು ಹೋದ ಮಾರನೇ ರಾತ್ರಿ. ಹೆಣ್ಣುಕರು. ನನ್ನ ಮನಸ್ಸೆಲ್ಲ ಗಿಣ್ಣಿನ ಮೇಲೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ತಿಂದು ನಾಲ್ಕು ವರ್ಷವಾಗಿತ್ತು. ಕರುವಿಗೆ ಕುಡಿಸಿ ಉಳಿದ ಮೊದಲ ಹಾಲನ್ನು ದೊಡ್ಡಮ್ಮ ಎರಡು ಬಾಟಲಿಗೆ ತುಂಬಿ ಫ್ರಿಜ್ಜಿನ ಮಂಜಿನ ಖಾನೆಗೆ ಇಟ್ಟರು. "ನಿಂಗೆ ನಾಳಿನ ಹಾಲು. ಇದು ಇಲ್ಲಿರ್ಲಿ. ಇನ್ನೂ ಎರಡು ಈಯದು ಬಾಕಿ ಇದೆ" ಅಂದರು. ಅಷ್ಟೇ, ಕಾರಣ ಹೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಲಕ್ಷ್ಮಿ ಏಳಲಿಲ್ಲ. ಕಿವಿ ತಣ್ಣಗೆ, ಕತ್ತು ಪಕ್ಕಕ್ಕೆ ತಿರುಗಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದ್ದಳು. ಹಾಲುಜ್ವರ ಅಂತ ಹೆಸರು, ಆದರೆ ಜ್ವರ ಇರುವುದಿಲ್ಲ, ಮೈ ತಣ್ಣಗಾಗುತ್ತದೆ. ಒಮ್ಮೆಲೇ ಅಷ್ಟು ಹಾಲು ಇಳಿಯುವಾಗ ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿಯುವುದೇ ರೋಗ. ಡಾಕ್ಟರ್ ಮಳೆಯಲ್ಲೇ ಬೈಕಿನಲ್ಲಿ ಬಂದು ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರು, ತೀರಾ ನಿಧಾನಕ್ಕೆ. ಬೇಗ ಹರಿಸಿದರೆ ಹೃದಯ ನಿಂತುಬಿಡಬಹುದಂತೆ. ಬಾಟಲಿ ಎತ್ತಿ ಹಿಡಿದು ನಿಂತವಳು ನಾನು, ತೋಳು ಬಿದ್ದುಹೋಗುವಷ್ಟು ಹೊತ್ತು. ಒಂದು ಗಂಟೆಯಲ್ಲಿ ಲಕ್ಷ್ಮಿ ಎದ್ದು ಸಗಣಿ ಹಾಕಿದಳು. ಸಗಣಿ ನೋಡಿ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು. ಕೆಲವು ದಿನ ಪೂರ್ತಿ ಹಾಲು ಹಿಂಡಬೇಡಿ ಅಂತ ಹೇಳಿ ಡಾಕ್ಟರ್ ಹೋದರು. (ನಿಮ್ಮ ಊರಲ್ಲೂ ದನ ಇದ್ದರೆ 1962 ಅನ್ನುವ ನಂಬರ್ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಪಶು ಆಂಬುಲೆನ್ಸಿನ ಸಹಾಯವಾಣಿ ಅದು.)

ಗಿಡ್ಡಗಳಿಗೆ ಇಂಥ ಕಾಯಿಲೆ ಕಡಿಮೆ. ಅವುಗಳ ತಲೆನೋವು ಬೇರೆ. ಅವು ಕೊಟ್ಟಿಗೆಯಲ್ಲಿ ಈಯಲು ಒಪ್ಪುವುದಿಲ್ಲ. ಹೊತ್ತು ಬಂತು ಅನ್ನಿಸಿದರೆ ಗುಂಪು ಬಿಟ್ಟು ಮಟ್ಟಿಯೊಳಗೆ ನುಗ್ಗುತ್ತವೆ, ಅಲ್ಲೇ ಕರು ಹಾಕಿ, ಬಚ್ಚಿಟ್ಟು, ಏನೂ ಆಗದ ಹಾಗೆ ಆಚೆ ಬಂದು ಮೇಯುತ್ತವೆ. ಕೆಂಪಿ ಹಾಗೇ ಮಾಡಿದಳು. ಸಂಜೆ ಮನೆಗೆ ಬಂದವಳ ಹೊಟ್ಟೆ ಇಳಿದಿತ್ತು, ಕರು ಇರಲಿಲ್ಲ. ದೊಡ್ಡಪ್ಪ ಅವಳನ್ನು ವಾಪಸ್ ಬ್ಯಾಣಕ್ಕೆ ಬಿಟ್ಟು ಹಿಂದಿನಿಂದ ಸದ್ದಿಲ್ಲದೆ ನಡೆದರು, ಅವರ ಹಿಂದೆ ಟಾರ್ಚ್ ಆರಿಸಿಕೊಂಡು ನಾನು. ಅವಳು ನಮ್ಮನ್ನು ಮೂರು ಸುತ್ತು ತಪ್ಪಾದ ಕಡೆ ಕರೆದುಕೊಂಡು ಹೋದಳು, ಬೇಕಂತಲೇ. ನಾಲ್ಕನೇ ಸಲ ಒಂದು ಮಟ್ಟಿಯ ಮುಂದೆ ನಿಂತು ಗಂಟಲಲ್ಲೇ 'ಹ್ಞುಂ' ಅಂದಳು. ಒಳಗಿಂದ ಕೆಂಪು ಕರು ಎದ್ದು ಬಂತು. ಹೆಣ್ಣು. ದೊಡ್ಡಪ್ಪ ಅದನ್ನು ಹೆಗಲ ಮೇಲೆ ಹೊತ್ತುಕೊಂಡರು. ಚಿರತೆ ಓಡಾಡುವ ಗುಡ್ಡ ಅದು.

ಎರಡು ದಿನ ಕಳೆದು ಬೂದಿ ಮನೆಗೆ ಬರಲಿಲ್ಲ. ರಾತ್ರಿ ಒಂಬತ್ತರ ತನಕ ಹುಡುಕಿದೆವು. ಮಳೆಯ ಸದ್ದಿನಲ್ಲಿ ಕರೆದದ್ದೂ ಕೇಳುವುದಿಲ್ಲ, ಕೂಗಿದ್ದೂ ಕೇಳುವುದಿಲ್ಲ. ಬೆಳಿಗ್ಗೆ ಐದೂವರೆಗೆ ಮತ್ತೆ ಹೋದಾಗ ಪಕ್ಕದ ಮನೆಯವರಿಗೆ ಕರು ಸಿಕ್ಕಿತು, ಹಳ್ಳದ ಮೇಲಿನ ದರೆಯ ಬುಡದಲ್ಲಿ. ಬೂದಿ ಕೆಳಗೆ ಹಳ್ಳದಲ್ಲಿದ್ದಳು. ಮಣ್ಣಿನ ಮೇಲೆ ಗೊರಸು ಜಾರಿದ ಉದ್ದನೆಯ ಎರಡು ಗೀರು. ಕರುವಿನ ಮೈಮೇಲೆ ಲೋಳೆ ಇರಲಿಲ್ಲ, ಅಂದರೆ ಅವಳು ನೆಕ್ಕಿ ಮುಗಿಸಿದ್ದಳು. ಹೊಟ್ಟೆ ಮಾತ್ರ ಬೆನ್ನಿಗೆ ಅಂಟಿತ್ತು. ದೊಡ್ಡಪ್ಪ ಏನೂ ಮಾತಾಡಲಿಲ್ಲ. ನಾಲ್ಕು ಜನ ಸೇರಿ ಅಲ್ಲೇ ಮೇಲೆ ಗುಂಡಿ ತೋಡಿದರು. ನನಗೆ ಕರು ಕೊಟ್ಟು ಕಳಿಸಿದರು.

ಎಂಟು ಕೆಜಿಯ ಗಂಡುಕರು. ಕಿವಿ, ಬಾಯಿ ಎರಡೂ ತಣ್ಣಗೆ. ದೊಡ್ಡಮ್ಮ ಬಾಯಿಗೆ ಬೆರಳಿಟ್ಟು ನೋಡಿದರು, ಚೀಪಲಿಲ್ಲ. ಹಾಲು ಕೊಡೋಣ ಅಂದರೆ ಬೇಡ ಅಂದರು, ತಣ್ಣಗಿರುವ ಕರುವಿಗೆ ಹಾಲು ಹಾಕಿದರೆ ಶ್ವಾಸಕ್ಕೆ ಹೋಗುತ್ತದೆ. ಮೊದಲು ಬಚ್ಚಲ ಒಲೆಯ ಮುಂದೆ ಗೋಣಿಚೀಲದಲ್ಲಿ ಸುತ್ತಿ ಮೈ ತಿಕ್ಕುವುದು. ಅರ್ಧ ಗಂಟೆಯ ಮೇಲೆ ಬೆರಳು ಚೀಪಿತು. ಆಗ ಫ್ರಿಜ್ಜಿನಿಂದ ಆ ಬಾಟಲಿ ಹೊರಗೆ ಬಂತು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ್ದು, ಒಲೆಯ ಮೇಲೆ ಇಟ್ಟದ್ದಲ್ಲ. ಕಾಯಿಸಿದರೆ ಮೊದಲ ಹಾಲು ಗಟ್ಟಿಯಾಗುತ್ತದೆ. ಗಿಣ್ಣು ಗಿಣ್ಣಾಗುವುದೇ ಹಾಗಲ್ಲವೇ? ಅದರೊಳಗಿನ ರೋಗನಿರೋಧಕ ಶಕ್ತಿಯೂ ಅಲ್ಲಿಗೆ ಹಾಳು. ಹುಟ್ಟಿದ ಕರುವಿಗೆ ಆ ಶಕ್ತಿ ತಾಯಿಯ ಹೊಟ್ಟೆಯಲ್ಲಿ ಸಿಕ್ಕಿರುವುದಿಲ್ಲ, ಈ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಬಾಗಿಲು ಕರುಳಿನಲ್ಲಿ ತೆರೆದಿರುವುದು ಒಂದೇ ದಿನ, ಅದೂ ಗಂಟೆ ಗಂಟೆಗೆ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ತೂಕದ ಹತ್ತನೇ ಒಂದು ಭಾಗದಷ್ಟಾದರೂ ಬೇಗ ಹೊಟ್ಟೆಗೆ ಹೋಗಬೇಕು. ಇವನಿಗೆ 800 ಎಂಎಲ್, ಮೂರು ಸಲಕ್ಕೆ ಹಂಚಿ. ಜರ್ಸಿಯದಾದರೇನು, ಅದೇ ಕೊಟ್ಟಿಗೆಯ ಹಸು, ಅದೇ ಕೊಟ್ಟಿಗೆಯ ರೋಗಾಣು ಕಂಡ ಹಾಲು.

ಹಾಲು ಹೊಟ್ಟೆಗೆ ಹೋಯಿತು, ಸರಿ. ನಾಳೆಯಿಂದ? ಬಾಟಲಿಯಲ್ಲೇ ಸಾಕಬಹುದು. ಆದರೆ ದಿನಕ್ಕೆ ನಾಲ್ಕು ಸಲ ಕಾಯಿಸಿ, ಆರಿಸಿ, ತೊಳೆದು, ಕುಡಿಸುವವರು ಯಾರು? ನಾನು ಮೂರು ವಾರಕ್ಕೆ ಹೊರಡುವವಳು. ದೊಡ್ಡಮ್ಮನಿಗೆ ಮಂಡಿ ಮಡಚಲಾಗದು. ಇನ್ನೊಂದು ಹಸು ಕುಡಿಸಬೇಕು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಗಂಡ-ಹೆಂಡತಿಗೆ ಅದೇ ಮಾತು.

"ಲಕ್ಷ್ಮಿಗೆ ಬಿಟ್ರೆ ಆಯ್ತಲ್ಲ. ಹಾಲು ಬೇಕಾದಷ್ಟು ಇದೆ. ಅದು ಒದಿಯದೂ ಇಲ್ಲ."

"ಲಕ್ಷ್ಮಿ ಮೊನ್ನೆ ಸತ್ತು ಬದುಕಿದ್ದು. ಅವಳ ಮೊಲೆ ನನ್ನ ಹೆಬ್ಬೆಟ್ಟಿನಷ್ಟು ದಪ್ಪ, ಇದ್ರ ಬಾಯಿ ಕೋಳಿಮರಿ ಬಾಯಿ. ಹಾಲು ಹೆಚ್ಚಾಗಿ ಬೇಧಿ ಹತ್ತಿದ್ರೆ ಎರಡು ದಿನ ಸಾಕು, ಹೋಗ್ತದೆ. ಕೆಂಪಿಗೆ ಬಿಡಾಣ."

"ಕೆಂಪಿದು ಎರಡು ಲೀಟ್ರು. ಅದ್ರಲ್ಲಿ ಎರಡು ಕರು ಸಾಕಿ, ಮನೆಗೆ ಎಂತ ಉಳೀತದೆ?"

"ಎಂತದೂ ಉಳಿಯಲ್ಲ. ಪ್ಯಾಕೆಟ್ ತಗಂಡ್ ಬನ್ನಿ."

ಐದು ಹಸು ಕಟ್ಟಿದ ಮನೆಗೆ ನಂದಿನಿ ಪ್ಯಾಕೆಟ್ ತರುವುದೇ? ದೊಡ್ಡಪ್ಪ ಮಜ್ಜಿಗೆ ಕುಡಿದು ಎದ್ದು ಹೋದರು.

ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಬ್ರಿಟನ್, ನ್ಯೂಜಿಲೆಂಡಿನ ಚಿಕ್ಕ ಫಾರಂಗಳಲ್ಲಿ ಇದಕ್ಕೆಂದೇ 'ನರ್ಸ್ ಕೌ' ಇಟ್ಟುಕೊಳ್ಳುತ್ತಾರೆ. ಹಾಲು ಹೆಚ್ಚು ಕೊಡುವ, ಆದರೆ ಕೆಚ್ಚಲಿನ ತೊಂದರೆಯಿಂದ ಡೈರಿಗೆ ಹಾಲು ಹಾಕಲಾಗದ ಹಸುವಿಗೆ ಮೂರು-ನಾಲ್ಕು ಕರು ಬಿಡುವುದೂ ಉಂಟು. ದೊಡ್ಡಮ್ಮನಿಗೆ ಓದಿ ಹೇಳಿದೆ. "ಹಸುಗೂ ನರ್ಸ್ ಕೆಲ್ಸ ಕೊಟ್ರನ?" ಅಂತ ನಕ್ಕರು. ಆಮೇಲೆ "ಒದೀದೆ ಇರಕ್ಕೆ ಎಂತ ಮಾಡ್ತಾರೆ, ಅದು ಬರ್ದಿದಾರ ನೋಡು" ಅಂದರು. ಅಸಲು ಪ್ರಶ್ನೆ ಅದೇ.

ಏಕೆಂದರೆ ಕೆಂಪಿ ಮೊದಲ ದಿನವೇ ಇವನನ್ನು ಮೂಸಿ, ಒಂದೇ ಒಂದು ಒದೆ ಕೊಟ್ಟಳು. ಕರು ಗಂಜಲದ ಚರಂಡಿಗೆ ಹೋಗಿ ಬಿತ್ತು. ಹಸು ಕರುವನ್ನು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ಈದ ಮೊದಲ ಕೆಲವು ಗಂಟೆ ನೆಕ್ಕುವಾಗ ಆ ವಾಸನೆ ತಲೆಯಲ್ಲಿ ಕೂರುತ್ತದೆ. ಆಮೇಲೆ ಪ್ರತಿ ಸಲ ಕರು ಕುಡಿಯುವಾಗ ಕತ್ತು ತಿರುಗಿಸಿ ಅದರ ಬಾಲದ ಬುಡ ಮೂಸಿ ಖಾತ್ರಿ ಮಾಡಿಕೊಳ್ಳುತ್ತದೆ. ನಮ್ಮ ಆಫೀಸಿನ ಗೇಟಿನಲ್ಲಿ ಐಡಿ ಕಾರ್ಡ್ ಉಜ್ಜಿದ ಹಾಗೆ.

ದೊಡ್ಡಮ್ಮನ ಉಪಾಯ ಹೀಗಿತ್ತು. ಹಳೇ ನೂಲಿನ ಸೀರೆಯ ತುಂಡನ್ನು ಒಂದು ರಾತ್ರಿ ಕೆಂಪಿಯ ಕರುವಿನ ಬೆನ್ನಿಗೆ ಕಟ್ಟಿ, ಬೆಳಿಗ್ಗೆ ಅದನ್ನೇ ಬಿಚ್ಚಿ ಇವನಿಗೆ ಕಟ್ಟುವುದು. ಎರಡೂ ಕರು ಒಂದೇ ಹಾಸಿನ ಮೇಲೆ ಮಲಗಬೇಕು. ಬೆನ್ನ ಮೇಲೆ ಉಪ್ಪು-ಬೆಲ್ಲದ ನೀರು ಚಿಮುಕಿಸುವುದು, ರುಚಿಗಾದರೂ ನಾಲಿಗೆ ಹಾಕಲಿ ಅಂತ. ದಿನಕ್ಕೆ ಮೂರು ಹೊತ್ತು, ಬೆಳಿಗ್ಗೆ ಆರು, ಮಧ್ಯಾಹ್ನ ಒಂದು, ಸಂಜೆ ಏಳು. ಕೆಂಪಿಗೆ ಹಿಂಡಿ ಸಿಗುವುದು ಆ ಹೊತ್ತಿನಲ್ಲಿ ಮಾತ್ರ. ಅವಳ ಸ್ವಂತ ಕರು ಪಕ್ಕದಿಂದ, ಅವಳ ಮೂಗಿಗೆ ಸಿಗುವ ಹಾಗೆ. ಇವನು ಹಿಂದಿನಿಂದ, ಎರಡು ಕಾಲಿನ ನಡುವೆ, ಮೂಗಿಗೆ ಎಟುಕದ ಹಾಗೆ. ಹಿಂಗಾಲಿಗೆ ಹಗ್ಗ ಹಾಕಿ ದೊಡ್ಡಪ್ಪ ಹಿಡಿದಿರುತ್ತಿದ್ದರು. ಪ್ಯಾಕೆಟ್ ಹಾಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಮೂರೂ ಹೊತ್ತು ಬಂದು ಹಿಡಿಯುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ್ದು ಸಮಯ. ಸ್ವಂತ ಕರು ಬಂದು ಕೆಚ್ಚಲಿಗೆ ಗುದ್ದಿದಾಗಲೇ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಇಳಿದು, ತಡೆದಿಟ್ಟ ಹಾಲು ಮೊಲೆಗೆ ಇಳಿಯುವುದು. ಅದು ಇರುವುದು ಐದಾರು ನಿಮಿಷ. ಆ ಐದಾರು ನಿಮಿಷದಲ್ಲಿ ಎರಡೂ ಕುಡಿಯಬೇಕು. ಸ್ವಂತ ಕರುವನ್ನು ಮೊದಲು ಬಿಟ್ಟು, ನೊರೆ ಬಂದ ತಕ್ಷಣ ಇವನನ್ನು ಒಳಗೆ ತೂರಿಸಿ, ಎರಡು ಮೊಲೆ ಅವಳಿಗೆ, ಎರಡು ಇವನಿಗೆ ಅಂತ ಕಾಯುವುದು ನನ್ನ ಡ್ಯೂಟಿ. ಮಧ್ಯಾಹ್ನ ಒಂದರ ಮೀಟಿಂಗನ್ನು ಎರಡಕ್ಕೆ ತಳ್ಳಿದೆ. ಕಾರಣ ಕೇಳಿದ ಮ್ಯಾನೇಜರಿಗೆ ನಿಜವನ್ನೇ ಹೇಳಿದೆ, ಅವರು ನಂಬಲಿಲ್ಲ.

ನಾಲ್ಕು ದಿನವಾದರೂ ಒದೆ ನಿಲ್ಲಲಿಲ್ಲ. ಅಡಿಕೆ ತೂಗುವ ತಕ್ಕಡಿಯಲ್ಲಿ ಎರಡೂ ಕರು ತೂಗಿ ನಾನು ಎಕ್ಸೆಲ್ ಶೀಟಿನಲ್ಲಿ ಬರೆದಿಡುತ್ತಿದ್ದೆ. ಐದನೇ ದಿನ ಇವನು ಸ್ವಲ್ಪ ಏರಿದ್ದ, ಕೆಂಪಿಯ ಕರು ಇದ್ದಲ್ಲೇ ಇತ್ತು. ಇದು ಯಾರಿಗೂ ಬೇಡದ ಸುದ್ದಿ. ಒಂದು ಜೀವ ಉಳಿಸಲು ಹೋಗಿ ಇನ್ನೊಂದರ ಹೊಟ್ಟೆ ಹೊಡೆದ ಹಾಗಾಯಿತು. ಅದೂ ಹೆಣ್ಣುಕರು, ನಾಳೆ ಹಾಲು ಕೊಡುವಂಥದ್ದು. ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ಅಂದರು, "ಗಂಡುಕರಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ?" ಅವರು ಕೆಟ್ಟವರಲ್ಲ, ಮೊದಲು ಕರು ಕಂಡು ತಂದವರೇ ಅವರು. ಗದ್ದೆ ಉಳಲು ಟಿಲ್ಲರ್ ಬಂದಿದೆ. ಗಬ್ಬ ಕಟ್ಟಿಸಲು ಡಾಕ್ಟರ ಇಂಜೆಕ್ಷನ್ ಇದೆ. ಈಗ ಹತ್ತರಲ್ಲಿ ಒಂಬತ್ತು ಹೆಣ್ಣುಕರುವೇ ಹುಟ್ಟುವಂಥ ವಿಂಗಡಿಸಿದ ವೀರ್ಯದ ಕಡ್ಡಿಯೂ ಸಿಗುತ್ತದೆ. ಗಂಡು ಬೇಡ ಅನ್ನುವುದು ಯಾರ ಕ್ರೌರ್ಯವೂ ಅಲ್ಲ, ಲೆಕ್ಕ.

ಅದಕ್ಕೆ ಉತ್ತರ ಕೊಟ್ಟವರು ದೊಡ್ಡಮ್ಮ ಅಲ್ಲ, ದೊಡ್ಡಪ್ಪ. "ಊರಲ್ಲಿ ಒಂದಾದ್ರೂ ಗಿಡ್ಡ ಹೋರಿ ಇದ್ಯ? ಹೋದ ವರ್ಷ ಕೆಂಪಿನ್ನ ನಾಲ್ಕು ಮೈಲಿ ಹೊಡ್ಕಂಡು ಹೋಗಿದ್ದೆ. ಇದು ದೊಡ್ಡದಾದ್ರೆ ನಿಮ್ಮ ದನಕ್ಕೂ ಆಗ್ತದೆ." ಹಾಗಂದು ಆವತ್ತು ಸಂಜೆಯಿಂದ ಲಕ್ಷ್ಮಿಯ ಹಾಲಿನಲ್ಲಿ ಅರ್ಧ ಲೀಟರ್ ತೆಗೆದು ಕೆಂಪಿಯ ಕರುವಿಗೆ ಬಾಟಲಿಯಲ್ಲಿ ಕುಡಿಸಲು ತಾವೇ ಶುರುಮಾಡಿದರು. ಡೈರಿಯ ಪುಸ್ತಕದಲ್ಲಿ ಅರ್ಧ ಲೀಟರ್ ಕಡಿಮೆಯಾಯಿತು. ಅದರ ಬಗ್ಗೆ ಮನೆಯಲ್ಲಿ ಮಾತು ಬರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ದೊಡ್ಡಪ್ಪ ಹಗ್ಗ ಹಾಕಲು ಬಗ್ಗುವ ಮೊದಲೇ ಇವನು ನುಗ್ಗಿದ್ದ. ಕೆಂಪಿ ಕಾಲೆತ್ತಿದಳು. ಕೆಳಗೆ ಇಟ್ಟಳು. ಮತ್ತೆ ಎತ್ತಿದಳು. ಆಮೇಲೆ ಹಿಂಡಿಯ ಬಕೆಟ್ಟಿಗೆ ಮುಖ ಹಾಕಿದಳು. ಮಧ್ಯಾಹ್ನವೂ ಹಗ್ಗ ಬೇಕಾಗಲಿಲ್ಲ.

ನಾನು ಕಾಯುತ್ತಿದ್ದದ್ದು ಅದಲ್ಲ. ಅವಳು ಒಂದು ದಿನ ಇವನನ್ನೂ ನೆಕ್ಕುತ್ತಾಳೆ, ಮಟ್ಟಿಯ ಮುಂದೆ ನಿಂತು ಗಂಟಲಲ್ಲಿ ಕರೆದ ಹಾಗೆ ಇವನನ್ನೂ ಕರೆಯುತ್ತಾಳೆ ಅಂತ ಕಾದಿದ್ದೆ. ವಿಡಿಯೋ ಮಾಡಲು ಫೋನ್ ಕೂಡ ರೆಡಿ ಇತ್ತು. ನಾನಿರುವ ತನಕ ಆಗಲಿಲ್ಲ. ಸ್ವಂತ ಕರುವಿನ ತಲೆ, ಕಿವಿ, ಬೆನ್ನು ನೆಕ್ಕುತ್ತಿದ್ದಳು. ಇವನು ಕುಡಿದು ಮುಗಿಸಿ ಮೂತಿ ಹತ್ತಿರ ಬಂದರೆ ಬೇರೆ ಕಡೆ ನೋಡುತ್ತಿದ್ದಳು, ಲಿಫ್ಟಿನಲ್ಲಿ ಅಪರಿಚಿತರು ಬಂದಾಗ ನಾವು ನೋಡುವ ಹಾಗೆ. ದೊಡ್ಡಮ್ಮನಿಗೆ ಹೇಳಿದೆ, ಅವಳಿಗೆ ಇವನ ಮೇಲೆ ಪ್ರೀತಿಯೇ ಬರಲಿಲ್ಲ ಅಂತ. ದೊಡ್ಡಮ್ಮ ಕರುವಿನ ಕಣ್ಣಿ ಬಿಗಿಯುತ್ತಾ, "ಪ್ರೀತಿ ತಗಂಡು ಎಂತ ಮಾಡ್ತೀಯ? ಒದೀದೆ ನಿಂತ್ಕಂಡ್ರೆ ಸಾಕು. ಹೊಟ್ಟೆ ತುಂಬ್ತದಲ್ಲ" ಅಂದರು.

ಪುಣ್ಯಕೋಟಿಯ ಹಾಡನ್ನು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಹುಲಿ, ಮಾತಿಗೆ ತಪ್ಪದ ಹಸು, ಇವೆರಡೇ ನೆನಪಿನಲ್ಲಿ ಉಳಿಯುತ್ತವೆ. ಆದರೆ ನಡುವೆ ಒಂದು ಭಾಗವಿದೆ. ಇನ್ನು ನಾನು ಯಾರ ಹಾಲು ಕುಡಿಯಲಿ ಅಂತ ಕರು ಕೇಳುತ್ತದೆ, ತಾಯಿ ಹೋಗಿ ದೊಡ್ಡಿಯ ಉಳಿದ ಹಸುಗಳ ಮುಂದೆ ನಿಂತು ಕರುವನ್ನು ಒಪ್ಪಿಸುತ್ತಾಳೆ. ಅವಳು ಕೇಳಿಕೊಳ್ಳುವುದರಲ್ಲಿ ಒದೆಯುವ, ಹಾಯುವ ಮಾತೂ ಇದೆ. ಅದನ್ನು ಕಟ್ಟಿದವರು ಕೊಟ್ಟಿಗೆ ಗೊತ್ತಿದ್ದವರು ಅಂತ ನನಗೆ ಇಷ್ಟು ವರ್ಷದ ಮೇಲೆ, ಗಂಜಲದ ಚರಂಡಿಯಿಂದ ಕರು ಎತ್ತುವಾಗ ಗೊತ್ತಾಯಿತು.

ನಾನು ವಾಪಸ್ ಬಂದು ಎರಡು ತಿಂಗಳಾಯಿತು. ನನ್ನ ಎಕ್ಸೆಲ್ ಶೀಟ್ ಈಗ ದೊಡ್ಡಪ್ಪನ ವಾಟ್ಸಾಪ್ ಮೆಸೇಜಿನಿಂದ ತುಂಬುತ್ತದೆ. ಎರಡೂ ಕರು ದಿನಕ್ಕೆ 150-200 ಗ್ರಾಂ ಲೆಕ್ಕದಲ್ಲಿ ಏರುತ್ತಿವೆ, ಎಳೆ ಹುಲ್ಲಿಗೆ ಬಾಯಿ ಹಾಕುತ್ತಿವೆ. ಇವನಿಗೆ ಒಮ್ಮೆ ಜಂತಿನ ಔಷಧಿಯಾಗಿದೆ. ಹೆಸರು ಮಾತ್ರ ಇನ್ನೂ ಇಟ್ಟಿಲ್ಲ, ಮನೆಯಲ್ಲಿ ಎಲ್ಲರೂ 'ಬೂದಿ ಮಗ' ಅಂತಲೇ ಕರೆಯುತ್ತಾರೆ. ಕೆಂಪಿಯ ಹಾಲು ಪೂರ್ತಿ ಇವೆರಡಕ್ಕೇ. ಲಕ್ಷ್ಮಿಯ ಹಾಲನ್ನು ಬೆಳಿಗ್ಗೆ ಡೈರಿಗೆ ಹಾಕಿ ಬರುವ ದಾರಿಯಲ್ಲಿ ದೊಡ್ಡಪ್ಪ ಮನೆಯ ಕಾಫಿಗೆ ಅರ್ಧ ಲೀಟರ್ ಪ್ಯಾಕೆಟ್ ಹಿಡಿದುಕೊಂಡು ಬರುತ್ತಾರೆ.